ಎರಡು ಕಪ್ ಚಾಕೊಲೇಟ್, ಒಂದು ಜಪಾನಿ ಊಟ, ಒಂದೇ ಪ್ರಶ್ನೆ

ನನ್ನ ಜೊತೆ ಹೋಟೆಲಿಗೆ ಬರೋಕೆ ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಕಾರಣ ನನಗೂ ಗೊತ್ತು. ಮೆನು ಕೈಗೆ ಬಂದ ಕೂಡಲೇ "ಇದರಲ್ಲಿ ಏನೇನಿದೆ?" ಅಂತ ಶುರು ಮಾಡುತ್ತೇನೆ. ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ತಿನ್ನುವುದಿಲ್ಲ. ಅದರ ಮೇಲೆ ಕೆಲಸ ಬೇರೆ ಆಡಿಟರ್ ಆಫೀಸಿನಲ್ಲಿ. ವೋಚರ್ ತೋರಿಸದೆ ಹೇಳಿದ ಮಾತು ನನ್ನ ಕಿವಿಗೆ ಅರ್ಧ ಮಾತ್ರ ಹೋಗುತ್ತದೆ. "ನೀನು ಊಟಕ್ಕೆ ಬಂದಿದೀಯೋ, ರೇಡ್ ಮಾಡೋಕೆ ಬಂದಿದೀಯೋ?" ಎನ್ನುತ್ತಾರೆ ನನ್ನ ಗಂಡ.

ಹಾಗಾಗಿ ಮೊನ್ನೆ ಶುಕ್ರವಾರ ಸಂಜೆ ಹೊರಟಿದ್ದು ನಾನು ಮತ್ತು ಅತ್ತಿಗೆ, ಇಬ್ಬರೇ. ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಅವರಿಗೆ ನೀರಲ್ಲಿ ಈಜುವುದು, ನೆಲದ ಮೇಲೆ ಓಡುವುದು ಎಲ್ಲಾ ನಡೆಯುತ್ತದೆ. ಏನಿದೆ ಅಂತ ಕೇಳುವ ಅಭ್ಯಾಸ ಅವರಿಗಿಲ್ಲ. ತಿಂದು ನೋಡಿ ಆಮೇಲೆ ಹೆಸರು ಕೇಳುತ್ತಾರೆ. ಪೇಟೆ ಮಧ್ಯದಲ್ಲಿ ಎರಡು ಕಡೆ ಹಾಟ್ ಚಾಕೊಲೇಟ್ ಕುಡಿದು, ಆಮೇಲೆ ಜಪಾನಿ ಊಟ ಮಾಡುವುದು ಎಂದು ಪ್ಲಾನ್ ಹಾಕಿದ್ದೂ ಅವರೇ. "ಸಿಹಿ ಕೊನೆಗೆ ತಿನ್ಬೇಕು ಅಂತ ಯಾರು ಹೇಳಿದ್ದು? ಮೊದಲೇ ಮುಗಿಸೋಣ ಬಾರೇ" ಅಂದರು. ಆ ಸಂಜೆಯ ದೊಡ್ಡ ತಪ್ಪು ಅದೇ ಅಂತ ಆಮೇಲೆ ಗೊತ್ತಾಯಿತು.

ಮೊದಲನೇ ಅಂಗಡಿ ದೊಡ್ಡದು, ದೀಪ ಜಾಸ್ತಿ, ಹಾಡು ಇನ್ನೂ ಜಾಸ್ತಿ. ಹಾಟ್ ಚಾಕೊಲೇಟಿನಲ್ಲೇ ಹನ್ನೊಂದು ಬಗೆ ಇತ್ತು. ಅತ್ತಿಗೆ ಚಿತ್ರ ನೋಡಿ ಎಲ್ಲಕ್ಕಿಂತ ಎತ್ತರದ್ದಕ್ಕೆ ಬೆರಳು ಇಟ್ಟರು. ಬಂತು. ಉದ್ದ ಗ್ಲಾಸು, ಮೇಲೆ ಗೋಪುರದಂತೆ ಕ್ರೀಮು, ಅದರ ಮೇಲೆ ಚಾಕೊಲೇಟ್ ಸಾಸು, ಸುತ್ತ ಗುಲಾಬಿ ಮತ್ತು ಬಿಳಿ ಮಾರ್ಷ್‌ಮೆಲ್ಲೊ ತುಂಡುಗಳು. ನಾನು ಕೌಂಟರಿನ ಹುಡುಗನನ್ನು ಕೇಳಿದೆ, "ಈ ಮಾರ್ಷ್‌ಮೆಲ್ಲೊದಲ್ಲಿ ಏನಿದೆ?"

"ಸಕ್ಕರೆ ಮೇಡಂ."

"ಸಕ್ಕರೆ ಮಾತ್ರನಾ?"

"ಹೂಂ. ಸಕ್ಕರೆ."

ಬರೀ ಸಕ್ಕರೆ ಒತ್ತಿದರೆ ಹಾಗೆ ಮೆತ್ತಗೆ ಎದ್ದು ಬರುವುದಿಲ್ಲ ಅಲ್ವಾ. ಮಾಮೂಲಿ ಮಾರ್ಷ್‌ಮೆಲ್ಲೊಗೆ ಆ ಪುಟಿತ ಕೊಡುವುದು ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಪದಾರ್ಥ ಅದು. ಜೆಲಟಿನ್ ಇಲ್ಲದೆ ಮಾಡುವವರೂ ಇದ್ದಾರೆ, ಆದರೆ ಅದನ್ನು ಪ್ಯಾಕೆಟ್ ನೋಡಿಯೇ ಹೇಳಬೇಕು. ಪ್ಯಾಕೆಟ್ ತೋರಿಸಿ ಎಂದೆ. ಬಿಸಾಕಿಬಿಟ್ಟಿದ್ದೇವೆ ಎಂದ. ಅವನ ತಪ್ಪೂ ಅಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಮಾರ್ಷ್‌ಮೆಲ್ಲೊ ಇಲ್ಲದ್ದನ್ನೇ ತೆಗೆದುಕೊಂಡೆ.

ಕುಡಿಯುವುದರ ವಿಷಯ ಬೇಗ ಮುಗಿಸುತ್ತೇನೆ. ಮೇಲೆ ಕೆನೆಗಟ್ಟಿದ ಹಾಲು ಚಮಚಕ್ಕೆ ಪರದೆಯಂತೆ ಅಂಟಿಕೊಂಡು ಬಂತು. ಕೆಳಗೆ ಕಲಸದೆ ಉಳಿದ ಪುಡಿಯ ಗಂಟು. ಒಂದು ಗಂಟನ್ನು ನಾಲಿಗೆ ಮೇಲೆ ಒಡೆದೆ. ಒಳಗೆ ಪುಡಿ ಒಣಗಿಯೇ ಇತ್ತು. ನಡುವೆ ಇದ್ದದ್ದು ಬಿಸಿ ಸಿಹಿ ಹಾಲು, ಬಣ್ಣ ಮಾತ್ರ ಕಂದು. ಅತ್ತಿಗೆ ಕ್ರೀಮು ತಿಂದು, ಉಳಿದದ್ದನ್ನು ನನ್ನ ಕಡೆ ತಳ್ಳಿದರು. ಅತ್ತಿಗೆ ಒಂದನ್ನು ಅರ್ಧಕ್ಕೆ ಬಿಟ್ಟರೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಡ.

ಎರಡನೇ ಅಂಗಡಿ ನಾಲ್ಕು ಹೆಜ್ಜೆ ಆಚೆ. ಎಷ್ಟು ಕಿರಿದು ಅಂದರೆ ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಕೂರಲು ಐದು ಸ್ಟೂಲ್. ಹಾಟ್ ಚಾಕೊಲೇಟಿನಲ್ಲಿ ಮೂರೇ ಬಗೆ. ಕೌಂಟರಿನ ಹಿಂದೆ ಒಬ್ಬಳು ಹುಡುಗಿ ಇಟ್ಟಿಗೆಯಷ್ಟು ದಪ್ಪದ ಚಾಕೊಲೇಟನ್ನು ಹಲಗೆ ಮೇಲಿಟ್ಟು ಉದ್ದ ಚಾಕುವಿನಿಂದ ಕೆತ್ತುತ್ತಿದ್ದಳು. ನಾನು ನನ್ನ ಪ್ರಶ್ನೆ ಕೇಳಿದೆ. ಅವಳು ಮಾತಾಡಲಿಲ್ಲ. ಆ ಇಟ್ಟಿಗೆ ಸುತ್ತಿದ್ದ ಕಾಗದವನ್ನು ಬುಟ್ಟಿಯಿಂದ ತೆಗೆದು, ನೀವಿ, ನನ್ನ ಮುಂದೆ ಇಟ್ಟಳು. ಕೋಕೋ 70 ಪರ್ಸೆಂಟ್. ಕೋಕೋ ಮಾಸ್ ಅಂದರೆ ಅರೆದ ಕೋಕೋ ಬೀಜ, ಸಕ್ಕರೆ, ಕೋಕೋ ಬಟರ್ ಅಂದರೆ ಆ ಬೀಜದ ಕೊಬ್ಬು, ಅಷ್ಟೇ. ನನಗೆ ಅಲ್ಲೇ ಅರ್ಧ ಹೊಟ್ಟೆ ತುಂಬಿತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಎರಡು ಅಂಗಡಿಯ ಫರಕು ಗೊತ್ತಾಗುವುದಿಲ್ಲ. ಕೋಕೋ ಬೀಜದಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಕೊಬ್ಬೇ. ನೆದರ್ಲೆಂಡ್ಸ್‌ನ ವಾನ್ ಹೌಟನ್ ಕುಟುಂಬ 1828ರಲ್ಲಿ ಒಂದು ಪ್ರೆಸ್ಸಿಗೆ ಪೇಟೆಂಟ್ ಪಡೆಯಿತು. ಅರೆದ ಬೀಜವನ್ನು ಅದರಲ್ಲಿ ಒತ್ತಿದರೆ ಕೊಬ್ಬಿನ ಬಹುಪಾಲು ಹೊರಗೆ ಹೋಗಿ ಹಿಂಡಿ ಉಳಿಯುತ್ತದೆ. ಆ ಹಿಂಡಿಯ ಪುಡಿಯೇ ಕೋಕೋ ಪೌಡರ್. ಅಗ್ಗ, ಹಗುರ, ಕೆಡುವುದಿಲ್ಲ. ಮನೆ ಮನೆಗೆ ಈ ಪಾನೀಯ ಹೋಗಿದ್ದು ಅದರಿಂದಲೇ, ಅದನ್ನು ಹೀಗಳೆಯುವುದಿಲ್ಲ. ಆದರೆ ಪುಡಿ ಹಾಕಿ ಮಾಡಿದ್ದು ಕೋಕೋ. ಚಾಕೊಲೇಟನ್ನೇ ಕರಗಿಸಿ ಮಾಡಿದ್ದರಲ್ಲಿ ಆ ಕೊಬ್ಬು ಒಳಗೇ ಇರುತ್ತದೆ. ಅದು ಕರಗುವುದು ಸುಮಾರು 34 ಡಿಗ್ರಿಗೆ, ನಮ್ಮ ಮೈಬಿಸಿಗಿಂತ ಸ್ವಲ್ಪ ಕೆಳಗೆ. ಅದಕ್ಕೇ ಬಾಯಲ್ಲಿ ಹಾಗೆ ಜಾರುತ್ತದೆ. ಬೋರ್ಡಿನ ಮೇಲೆ ಎರಡಕ್ಕೂ ಒಂದೇ ಹೆಸರು ಬರೆಯುತ್ತಾರೆ, ನಾವು ಸುಮ್ನೆ ಕುಡಿದು ಬರುತ್ತೇವೆ.

ಅವಳು ಮಾಡುವುದನ್ನು ನಾನು ಸ್ಟೂಲಿನಿಂದ ಅಲ್ಲಾಡದೆ ನೋಡಿದೆ. ಕೆತ್ತಿದ ಚಾಕೊಲೇಟ್ ಚೂರುಗಳನ್ನು ಸಣ್ಣ ಪಾತ್ರೆಗೆ ಹಾಕಿದಳು. ಹಾಲು ಕುದಿಯಲು ಬಿಡಲಿಲ್ಲ, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದಾಗಲೇ ಇಳಿಸಿದಳು. ಮೊದಲು ಎರಡೇ ಚಮಚ ಹಾಲು ಹಾಕಿ ತಿರುವಿದಳು. ಚೂರುಗಳು ಮೊದಲು ಒಡೆದಂತೆ, ಮುದ್ದೆ ಮುದ್ದೆಯಾಗಿ ಕಂಡವು. ಕೆಟ್ಟೇ ಹೋಯಿತು ಅಂದುಕೊಂಡೆ. ಇನ್ನೆರಡು ಚಮಚ ಬಿದ್ದ ಮೇಲೆ ಒಮ್ಮೆಲೇ ಹೊಳಪು ಬಂತು, ಎಣ್ಣೆ ಹಚ್ಚಿದ ಹಾಗೆ. ಆಮೇಲೆ ಉಳಿದ ಹಾಲು, ಚಿಟಿಕೆ ಉಪ್ಪು. ಕೊನೆಗೆ ತಂತಿಯ ಕಡೆಗೋಲಿನಿಂದ ನೊರೆ ಬರುವ ತನಕ ಕಡೆದಳು. ಈ ನೊರೆಯ ಹುಚ್ಚು ಹಳೆಯದು. ಮಾಯಾ ಜನ ಕೋಕೋ ಪಾನೀಯವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದೇ ನೊರೆ ಬರಿಸುತ್ತಿದ್ದರು. ಮೆಕ್ಸಿಕೊದಲ್ಲಿ ಇವತ್ತಿಗೂ ಮೊಲಿನಿಯೊ ಅನ್ನುವ ಮರದ ಕಡೆಗೋಲನ್ನು ಎರಡು ಅಂಗೈ ನಡುವೆ ತಿರುಗಿಸಿ ಕಡೆಯುತ್ತಾರೆ.

"ಗಟ್ಟಿ ಆಗೋಕೆ ಕಾರ್ನ್‌ಫ್ಲೋರ್ ಹಾಕ್ತೀರಾ?" ಎಂದೆ.

"ಇಟಲಿ ಥರದ್ದಕ್ಕೆ ಹಾಕ್ತಾರೆ. ಚಮಚ ನಿಲ್ಲಬೇಕು ಅವರಿಗೆ. ನಾನು ಹಾಕಲ್ಲ" ಎಂದಳು.

ಕಪ್ಪು ಬಂದಾಗ ಅತ್ತಿಗೆಯ ಮುಖ ಸಣ್ಣದಾಯಿತು. ಕಪ್ಪು ಅಷ್ಟು ಪುಟ್ಟದು. ನಾಲ್ಕೈದು ಗುಟುಕು ಅಷ್ಟೇ. ಆದರೆ ಮೊದಲ ಗುಟುಕಿಗೇ ಇಬ್ಬರೂ ಮಾತು ನಿಲ್ಲಿಸಿದೆವು. ಮೊದಲು ಕಹಿ. ಆಮೇಲೆ ಆ ಉಪ್ಪು ಎಲ್ಲೋ ಹಿಂದೆ ನಿಂತು ಸಿಹಿಯನ್ನು ಮುಂದೆ ತಳ್ಳಿತು. ನುಂಗಿದ ಮೇಲೂ ಒಣ ದ್ರಾಕ್ಷಿಯಂಥ ಒಂದು ಹುಳಿ ಬಾಯಲ್ಲಿ ಸುಮಾರು ಹೊತ್ತು ಇತ್ತು. ಕಪ್ಪಿನ ಗೋಡೆಯ ಮೇಲೆ ಅದು ನಿಧಾನ ಇಳಿಯುತ್ತಿತ್ತು, ಬಣ್ಣ ಬಳಿದ ಹಾಗೆ. ಜೊತೆಗೆ ಒಂದು ಗ್ಲಾಸ್ ನೀರು ಕೇಳದೆಯೇ ಇಟ್ಟಿದ್ದಳು. ಅದು ಬೇಕಾಗುತ್ತದೆ.

ಅತ್ತಿಗೆ ತೆಗೆದುಕೊಂಡಿದ್ದು ಬಿಳಿ ಚಾಕೊಲೇಟಿಗೆ ಹೋಜಿಚಾ ಬೆರೆಸಿದ್ದು. ಹೋಜಿಚಾ ಅಂದರೆ ಹುರಿದ ಜಪಾನಿ ಟೀ ಎಲೆ. ಬಿಳಿ ಚಾಕೊಲೇಟಿನಲ್ಲಿ ಕೋಕೋ ಬೀಜದಿಂದ ಬರುವುದು ಕೋಕೋ ಬಟರ್ ಮಾತ್ರ, ಕಹಿ ಕೊಡುವ ಕಂದು ಭಾಗ ಇರುವುದೇ ಇಲ್ಲ. ಹಾಗಾಗಿ ಒಂಟಿಯಾಗಿ ಕುಡಿದರೆ ಬರೀ ಸಿಹಿ. ಹುರಿದ ಟೀ ಅದನ್ನು ಸ್ವಲ್ಪ ಎಳೆದು ಹಿಡಿದಿತ್ತು, ಪೂರ್ತಿ ಅಲ್ಲ. ನನಗೆ ಎರಡನೇ ಗುಟುಕಿಗೇ ಸಾಕಾಯಿತು. ಅತ್ತಿಗೆ ಕಪ್ಪಿನ ತಳಕ್ಕೆ ಬೆರಳು ಹಾಕಿ ಒರೆಸಿದರು. ಅಂಗಡಿಯ ದೂರು ಒಂದೇ: ನಿಮ್ಮ ಹಿಂದೆ ಜನ ನಿಂತು ನಿಮ್ಮ ಸ್ಟೂಲನ್ನೇ ನೋಡುತ್ತಿರುತ್ತಾರೆ. ನಿಧಾನವಾಗಿ ಕುಡಿಯಬೇಕಾದ್ದನ್ನು ಅವಸರದಲ್ಲಿ ಕುಡಿಸುತ್ತಾರೆ.

ಹನಿ ಹನಿ ಮಳೆ ಶುರುವಾಗಿತ್ತು. ಒಂದೇ ಕೊಡೆಯಲ್ಲಿ ಇಬ್ಬರೂ ಅರ್ಧರ್ಧ ನೆನೆದು ಜಪಾನಿ ಹೋಟೆಲು ಸೇರಿದೆವು.

ಇಲ್ಲಿಗೆ ಬಂದಿದ್ದು ನನ್ನ ಒತ್ತಾಯಕ್ಕೆ. ಮೆನುವಿನಲ್ಲಿ ಸಸ್ಯಾಹಾರಕ್ಕೆ ಹಸಿರು ಎಲೆ ಗುರುತು ಹಾಕಿರುವುದನ್ನು ಮೊದಲೇ ನೋಡಿದ್ದೆ. ಮರದ ಉದ್ದ ಕೌಂಟರ್, ಅದರಾಚೆ ಅಡುಗೆಯವರು ಕೆಲಸ ಮಾಡುವುದು ಕಾಣುತ್ತದೆ. ಕೂತ ಕೂಡಲೇ ಸುರುಳಿ ಸುತ್ತಿದ ಬಿಸಿ ಒದ್ದೆ ಬಟ್ಟೆ ಕೊಟ್ಟರು, ಒಶಿಬೊರಿ ಎನ್ನುತ್ತಾರೆ. ಮಳೆಯಲ್ಲಿ ತಣ್ಣಗಾದ ಕೈಗೆ ಅದೇ ಒಂದು ಊಟದಷ್ಟು ಸುಖ. ಮೆನುವಿನಲ್ಲಿ ಮಿಸೊ ಸೂಪು (ಮಿಸೊ ಅಂದರೆ ಹುದುಗಿಸಿದ ಸೋಯಾ ಪೇಸ್ಟು), ತರಕಾರಿ ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು), ಅಗೆದಾಶಿ ತೋಫು (ಕರಿದು ಸಾರಿನಲ್ಲಿಟ್ಟ ಸೋಯಾ ಪನೀರು), ಇನಾರಿ ಸುಶಿ (ತೋಫು ಚೀಲದೊಳಗೆ ತುಂಬಿದ ಅನ್ನ), ಎಲ್ಲಕ್ಕೂ ಎಲೆ. ನನಗೆ ಖುಷಿಯೋ ಖುಷಿ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಇದರಲ್ಲಿ ಯಾವುದರಲ್ಲೂ ಮೀನು ಇಲ್ಲ ತಾನೇ?"

"ಇಲ್ಲ ಇಲ್ಲ, ಎಲೆ ಗುರುತಿದೆ ನೋಡಿ" ಎಂದ ಬಡಿಸುವ ಹುಡುಗ. ಎಲೆಯೇ ಸಾಕ್ಷಿ, ಎಲೆಯೇ ಜಡ್ಜು.

ಮಿಸೊ ಸೂಪು ಮೊದಲು ಬಂತು. ಕಪ್ಪು ಬಟ್ಟಲು, ಮೇಲೆ ಮುಚ್ಚಳ. ಮುಚ್ಚಳ ತೆಗೆದರೆ ಮಿಸೊ ಮೋಡದ ಹಾಗೆ ಕೆಳಗಿನಿಂದ ಎದ್ದು ಮತ್ತೆ ಇಳಿಯುತ್ತಿತ್ತು. ನಾನು ಒಂದು ಗುಟುಕು ಕುಡಿದೆ. ಏನೂ ಗೊತ್ತಾಗಲಿಲ್ಲ. ನಾಲಿಗೆ ಮೇಲೆ ಇನ್ನೂ ಚಾಕೊಲೇಟಿನ ಕೊಬ್ಬು ಕೂತಿತ್ತು. ಉಪ್ಪು ಬಿಟ್ಟು ಬೇರೆ ರುಚಿ ಹತ್ತಲೇ ಇಲ್ಲ. ಎರಡನೇ ಗುಟುಕಿಗೆ ಮೂಗಿನ ಹಿಂದೆ ಏನೋ ಹೊಗೆಯ ವಾಸನೆ ಬಂದಂತಾಯಿತು. ಬಟ್ಟಲನ್ನು ಅತ್ತಿಗೆ ಕಡೆ ತಳ್ಳಿದೆ. ಅವರು ಕುಡಿದು, ಕಣ್ಣು ಮುಚ್ಚಿ, ಇನ್ನೊಮ್ಮೆ ಕುಡಿದರು.

"ಮೀನಿದೆ ಕಣೇ."

"ಖಂಡಿತಾನಾ ಅತ್ತಿಗೆ?"

"ಮೀನಿನ ವಿಷಯ ನನ್ನ ಹತ್ತಿರ ಕೇಳ್ತೀಯಾ?"

ಹುಡುಗನನ್ನು ಕರೆದೆ. ಅವನು ಎಲೆ ತೋರಿಸಿದ. ನಾನು ಎಲೆಯನ್ನು ಕುಡಿದಿಲ್ಲ, ಸೂಪು ಕುಡಿದಿದ್ದೇನೆ ಎಂದೆ. ಕೋಪ ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಧ್ವನಿ ಪಕ್ಕದ ಟೇಬಲ್ಲಿನವರೆಗೆ ಹೋಯಿತು. ಹುಡುಗ ಒಳಗೆ ಹೋದ. ಎರಡು ನಿಮಿಷಕ್ಕೆ ಅಡುಗೆಯ ಹೆಂಗಸು ಏಪ್ರನ್ನಿಗೆ ಕೈ ಒರೆಸುತ್ತಾ ಬಂದರು. ಅರವತ್ತರ ಹತ್ತಿರದವರು ಇರಬೇಕು. ಒಂದೇ ಪದ ಹೇಳಿದರು: "ದಾಶಿ."

ಆಮೇಲೆ ವಾಪಸ್ ಹೋಗಿ ಕೈಯಲ್ಲಿ ಏನೋ ಹಿಡಿದುಕೊಂಡು ಬಂದರು. ಸೌದೆಯ ಚಕ್ಕೆ ಅಂದುಕೊಂಡೆ. ಮೇಜಿಗೆ ತಟ್ಟಿದರೆ ಟಕ್ ಎಂದಿತು. ಅದು ಮೀನು! ಕತ್ಸುವೊಬುಶಿ. ಕತ್ಸುವೊ ಮೀನನ್ನು ಬೇಯಿಸಿ, ಹೊಗೆ ಹಾಕಿ, ಮತ್ತೆ ಮತ್ತೆ ಒಣಗಿಸಿ ಮರದಷ್ಟು ಗಟ್ಟಿ ಮಾಡಿರುತ್ತಾರೆ. ಬಡಗಿ ಮರ ಹೆರೆಯುವ ಹಾಗೆ ಹೆರೆದರೆ ಗುಲಾಬಿ ಬಣ್ಣದ ತೆಳ್ಳನೆ ಸುರುಳಿಗಳು ಬರುತ್ತವೆ. ಕೊಂಬು ಅನ್ನುವ ಕಡಲ ಪಾಚಿಯನ್ನು ನೀರಿನಲ್ಲಿ ನಿಧಾನ ಬಿಸಿ ಮಾಡಿ, ಕುದಿಯುವ ಮೊದಲೇ ತೆಗೆದು, ಅದಕ್ಕೆ ಈ ಸುರುಳಿ ಹಾಕಿ ಸೋಸಿದರೆ ದಾಶಿ. ನೋಡಲು ತಿಳಿ ನೀರು. ಜಪಾನಿ ಅಡುಗೆಮನೆಯ ಅರ್ಧ ಅದರ ಮೇಲೆಯೇ ನಿಂತಿದೆ. ಮೀನಿನ ತುಂಡು ಕಣ್ಣಿಗೆ ಕಾಣದ್ದರಿಂದ ಮೆನು ಬರೆದವರು ಎಲೆ ಹಾಕಿದ್ದಾರೆ. ಮೋಸ ಮಾಡಬೇಕೆಂದಲ್ಲ, ದಾಶಿ ಅವರ ಲೆಕ್ಕಕ್ಕೇ ಬಂದಿಲ್ಲ. ನಮ್ಮ ಆಫೀಸಿನಲ್ಲೂ ಅಷ್ಟೆ, ದೊಡ್ಡ ತಪ್ಪುಗಳು ಯಾವಾಗಲೂ 'ಇತರೆ' ಅನ್ನುವ ಕಾಲಮ್ಮಿನಲ್ಲೇ ಸಿಗುವುದು.

ಆಕೆ ಜೇಬಿನಿಂದ ಪೆನ್ನು ತೆಗೆದು ನಮ್ಮ ಆರ್ಡರ್ ಚೀಟಿ ಕೇಳಿದರು. ಒಂದೊಂದನ್ನೇ ನೋಡಿ ಹೊಡೆದು ಹಾಕಿದರು. ಅಗೆದಾಶಿ ತೋಫುವಿನ ಸಾರಿನಲ್ಲಿ ದಾಶಿ. ಹೆಸರಿನಲ್ಲೇ ಇದೆ, ನನಗೇ ಹೊಳೆಯಬೇಕಿತ್ತು. ಇನಾರಿ ಸುಶಿಯ ತೋಫು ಚೀಲವನ್ನು ದಾಶಿ, ಸೋಯಾ ಸಾಸು, ಸಕ್ಕರೆಯಲ್ಲಿ ಬೇಯಿಸುತ್ತಾರೆ, ಅದೂ ಹೋಯಿತು. ಮೊಟ್ಟೆಯ ತಮಾಗೊಯಾಕಿಯಲ್ಲೂ ದಾಶಿ. ಟೆಂಪುರಾಗೆ ಬಂದಾಗ, ಅದ್ದಿಕೊಳ್ಳುವ ನೀರಿನಲ್ಲಿ ಮಾತ್ರ ದಾಶಿ, ಉಪ್ಪಿನ ಜೊತೆ ತಿನ್ನಬಹುದು ಎಂದರು. ನನಗೆ ಉಸಿರು ಬಂತು.

"ಎಣ್ಣೆ?" ಎಂದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. "ಸೀಗಡಿಯನ್ನೂ ಅದರಲ್ಲೇ ಕರೀತೀವಿ" ಎಂದು ತಾವೇ ಗೆರೆ ಎಳೆದರು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಉತ್ತರಕ್ಕೇ ನನ್ನ ಕೋಪ ಇಳಿಯಿತು.

ಉಳಿದದ್ದು ಮೂರು. ಉಪ್ಪು ಹಾಕಿ ಬೇಯಿಸಿದ ಎದಮಾಮೆ, ಅಂದರೆ ಎಳೆ ಸೋಯಾ ಕಾಯಿ. ಕಪ್ಪಾಮಾಕಿ, ಅಂದರೆ ಸೌತೆಕಾಯಿ ಸುಶಿ ಸುರುಳಿ. ಕಪ್ಪಾ ಅನ್ನುವುದು ಜಪಾನಿನ ಜನಪದ ಕಥೆಗಳ ನೀರುಭೂತ. ಅದಕ್ಕೆ ಸೌತೆಕಾಯಿ ಅಂದರೆ ಪ್ರಾಣವಂತೆ, ಆ ಹೆಸರೇ ಸುಶಿಗೂ ಬಂತು. ಮೂರನೆಯದು ನಾಸು ದೆಂಗಾಕು, ಬದನೆಕಾಯಿಯನ್ನು ಉದ್ದ ಸೀಳಿ, ಸಿಹಿ ಮಿಸೊ ಬಳಿದು, ಬೆಂಕಿಯಡಿ ಕಂದು ಮಾಡಿದ್ದು. ತಮ್ಮಲ್ಲಿ ಅದಕ್ಕೆ ದಾಶಿ ಬಳಸುವುದಿಲ್ಲ ಎಂದು ಆಕೆಯೇ ಹೇಳಿದರು. ಚಮಚ ಹಾಕಿದರೆ ಬೆಣ್ಣೆಯಂತೆ ಬರುತ್ತಿತ್ತು. ಸುಶಿ ಸಾಧಾರಣ, ಅನ್ನ ಫ್ರಿಜ್ಜಿನಿಂದ ಬಂದಂತೆ ತಣ್ಣಗಿತ್ತು. ಸುಶಿ ಅನ್ನ ಮೈಬಿಸಿಯಷ್ಟಾದರೂ ಇರಬೇಕು. ಅತ್ತಿಗೆ ನನ್ನ ರದ್ದಾದ ಟೆಂಪುರಾವನ್ನೂ ತಮ್ಮದನ್ನೂ ಸೇರಿಸಿ ತಿಂದರು. ಹಿಟ್ಟು ಗಾಜಿನ ಹಾಗೆ ಒಡೆಯುತ್ತಿತ್ತು ಎಂದು ಸರ್ಟಿಫಿಕೇಟ್ ಕೊಟ್ಟರು. ತಣ್ಣೀರಿನಲ್ಲಿ ಗಂಟು ಗಂಟಾಗಿಯೇ ಕಲಸಿ ಬಿಟ್ಟರೆ ಮಾತ್ರ ಹಾಗಾಗುತ್ತದೆ, ಜಾಸ್ತಿ ತಿರುವಿದರೆ ರಬ್ಬರು.

ಊಟ ಇಲ್ಲಿಗೇ ಮುಗಿದಿದ್ದರೆ ನಾನು ಈ ಹೋಟೆಲಿಗೆ ಎರಡು ಸ್ಟಾರ್ ಕೊಟ್ಟು ಬರುತ್ತಿದ್ದೆ. ಆದರೆ ಆಕೆ ಮತ್ತೆ ಬಂದರು. "ಒಣ ಶಿಟಾಕೆ ಅಣಬೆ ನೆನೆಹಾಕಿದ ನೀರಿದೆ, ನಾಳೆಗೆ ಇಟ್ಟಿದ್ದೆ. ಕೊಂಬು ಜೊತೆ ಸೇರಿಸಿ ಬೇರೆ ದಾಶಿ ಮಾಡ್ತೀನಿ. ಇಪ್ಪತ್ತು ನಿಮಿಷ ಕಾಯ್ತೀರಾ?" ಕಾಯುತ್ತೇನೆ ಎಂದೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಇದೇ ಪದ್ಧತಿ. ಮೀನು ಮುಟ್ಟದವರು ಅಲ್ಲಿ ನೂರಾರು ವರ್ಷಗಳಿಂದ ಇದ್ದಾರೆ. ಅವರಿಗೊಂದು ದಾಶಿ ಇರಲೇಬೇಕಲ್ಲ!

ಬಂದದ್ದು ಸೋಬಾ. ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟಿನ ಬೂದು ಬಣ್ಣದ ಎಳೆಗಳು, ಅದು ಮುಳುಗುವಷ್ಟು ಟೀ ಬಣ್ಣದ ಬಿಸಿ ದಾಶಿ, ಮೇಲೆ ಸಣ್ಣಗೆ ಹೆಚ್ಚಿದ ಹಸಿರು ಈರುಳ್ಳಿ, ನೆನೆದ ಅಣಬೆಯ ಎರಡು ಹೋಳು. ಅಷ್ಟೇ. ಅಷ್ಟು ಹೊತ್ತಿಗೆ ನೀರು ಕುಡಿದು ಕುಡಿದು ನನ್ನ ನಾಲಿಗೆ ತೊಳೆದು ಹೋಗಿತ್ತು. ಬಟ್ಟಲನ್ನೇ ಎತ್ತಿ ಕುಡಿದೆ. ಇದು ರುಚಿ ಅಂತ ತಕ್ಷಣ ಹೊಡೆಯುವುದಿಲ್ಲ. ಉಪ್ಪಲ್ಲ, ಸಿಹಿಯಲ್ಲ. ನಾಲಿಗೆಯ ಎರಡು ಪಕ್ಕದಲ್ಲಿ ನೀರೂರುತ್ತದೆ, ನುಂಗಿದ ಮೇಲೆ ಗಂಟಲಿನವರೆಗೂ ಉಳಿಯುತ್ತದೆ. ಕೊಂಬುವಿನಲ್ಲಿರುವ ಈ ರುಚಿ ಗ್ಲುಟಮೇಟ್‌ನಿಂದ ಬರುತ್ತದೆ ಎಂದು 1908ರಲ್ಲಿ ಕಂಡುಹಿಡಿದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟವರು ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೇ ಇಕೆಡಾ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಅನ್ನುವ ಇನ್ನೊಂದು ಅಂಶವಿದೆ. ಎರಡೂ ಒಂದೇ ಬಟ್ಟಲಿಗೆ ಬಿದ್ದರೆ ಒಂದಕ್ಕೆ ಒಂದು ಎರಡಾಗುವುದಿಲ್ಲ, ನಾಲ್ಕೈದಾಗುತ್ತದೆ. ಮೀನಿನ ದಾಶಿಯಲ್ಲಿ ಕತ್ಸುವೊಬುಶಿ ಮಾಡುವ ಕೆಲಸವನ್ನೇ ಇಲ್ಲಿ ಅಣಬೆ ಮಾಡಿತ್ತು. ಅತ್ತಿಗೆ ತಮ್ಮ ಚಾಪ್‌ಸ್ಟಿಕ್ಕನ್ನು ನನ್ನ ಬಟ್ಟಲಿಗೆ ಇಳಿಸಿದರು. ಒಮ್ಮೆ ಅಲ್ಲ, ನಾಲ್ಕು ಸಲ.

ಸೋಬಾವನ್ನು ಸೊರ್ ಎಂದು ಶಬ್ದ ಮಾಡಿಯೇ ಎಳೆದು ತಿನ್ನಬೇಕು. ಅಲ್ಲಿ ಅದು ಮರ್ಯಾದೆ ಕೆಟ್ಟ ಕೆಲಸವಲ್ಲ, ಗಾಳಿ ಜೊತೆಗೆ ಪರಿಮಳ ಮೂಗಿಗೆ ಹೋಗುತ್ತದೆ. ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಅತ್ತಿಗೆಯೇ ಸಾಕು ನಿಲ್ಲಿಸು ಎನ್ನಬೇಕಾಯಿತು.

ಬಿಲ್ಲಿನಲ್ಲಿ ಸೂಪು ಇರಲಿಲ್ಲ. ಕೇಳದೆಯೇ ತೆಗೆದಿದ್ದರು. ಎದ್ದು ಬರುವಾಗ ಹುಡುಗ ಮೂಲೆಯ ಟೇಬಲ್ಲಿನಲ್ಲಿ ಕೂತು ಮೆನುಗಳ ರಾಶಿ ಇಟ್ಟುಕೊಂಡು ಎಲೆಗಳ ಮೇಲೆ ಬಿಳಿ ಸ್ಟಿಕರ್ ಅಂಟಿಸುತ್ತಿದ್ದ. ಅವನ ಕೆಲಸ ಹೆಚ್ಚು ಮಾಡಿದ್ದಕ್ಕೆ ಸ್ವಲ್ಪ ಪಾಪ ಅನ್ನಿಸಿತು. ಟೆಂಪುರಾ ಮರೀಬೇಡ ಎಂದೆ. ಅಂಟಿಸಿದೆ ಮೇಡಂ ಎಂದು ತೋರಿಸಿದ.

ಒಂದು ದಿನ ಮೊದಲು ಹೇಳಿದರೆ ಅಣಬೆ ನೆನೆಸಿಡುತ್ತೇನೆ ಎಂದಿದ್ದಾರೆ ಆಕೆ. ಮುಂದಿನ ಗುರುವಾರಕ್ಕೆ ಹೇಳಿ ಬಂದಿದ್ದೇನೆ. ಈ ಸಲ ನನ್ನ ಗಂಡನೂ ಬರುತ್ತಾರಂತೆ, ನಾನು ಅಡುಗೆಮನೆಯವರನ್ನು ಹೊರಗೆ ಕರೆಸಬಾರದು ಅನ್ನುವ ಷರತ್ತಿನ ಮೇಲೆ. ಅತ್ತಿಗೆಗೆ ನನ್ನ ಷರತ್ತು ಬೇರೆ: ಚಾಕೊಲೇಟ್ ಊಟ ಆದ ಮೇಲೆ.